ದೀಪಾವಳಿಗೆ ಸಕ್ಕರೆ ಹೊದಿಸಿದ ಹಣ್ಣು: ಕರಾವಳಿಯ ತೇವದ ಹವೆಯಲ್ಲಿ ಮನೆಯಲ್ಲೇ ಮಾಡುವ ಕ್ರಮ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ನೀರ್ಚಾಲು, ಪೆರ್ಲ ಕಡೆಯ ನಮ್ಮ ಮನೆಗಳ ಹಿತ್ತಿಲಲ್ಲಿ ಪಪ್ಪಾಯಿ, ಅನಾನಸು, ಚಕ್ಕೋತ, ದಾರೆಹುಳಿ (ಸ್ಟಾರ್ ಫ್ರೂಟ್) ಇವುಗಳಲ್ಲಿ ಒಂದೋ ಎರಡೋ ಇದ್ದೇ ಇರುತ್ತವೆ. ಹೀಗಿದ್ದೂ ದೀಪಾವಳಿಯ ತಟ್ಟೆಗೆ ಸಕ್ಕರೆ ಹೊದಿಸಿದ ಹಣ್ಣು ಬೇಕೆಂದಾಗ ನಾವು ಪೇಟೆಯ ಬೇಕರಿಯಿಂದ ಕೆಂಪು, ಹಸಿರು ಬಣ್ಣದ ಟೂಟಿ ಫ್ರೂಟಿಯ ಪೊಟ್ಟಣ ತರುತ್ತೇವೆ. ಆ ಪೊಟ್ಟಣದಲ್ಲಿರುವುದು ಹೆಚ್ಚಾಗಿ ಎಳೆಯ ಪಪ್ಪಾಯಿಯ ಚೂರುಗಳೇ. ಅದನ್ನು ಮನೆಯಲ್ಲಿ ಮಾಡಲು ವಿಶೇಷ ಉಪಕರಣಗಳೇನೂ ಬೇಡ. ಬೇಕಾಗಿರುವುದು ಹದಿನೈದು ದಿನಗಳ ಸಮಯ ಮತ್ತು ದಿನವೂ ಅರ್ಧ ಗಂಟೆಯ ಗಮನ. ನಾನು ಇದನ್ನು ಕಲಿತದ್ದು ಬೇಳದ ಇಗರ್ಜಿಗೆ ಹೋಗುವ ನೆರೆಮನೆಯವರಿಂದ. ಪ್ರತಿ ಕ್ರಿಸ್ಮಸ್ಸಿಗೆ ಅವರ ಮನೆಯಿಂದ ಬರುವ ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ, ತಟ್ಟೆಯಲ್ಲಿ ನೆವ್ರಿ, ಕಿಡಿಯೊಗಳ ನಡುವೆ ನಾಲ್ಕು ತುಂಡು ಅನಾನಸು ಇರುತ್ತಿತ್ತು. ಒಳಗಿನವರೆಗೂ ಗಾಜಿನಂತೆ ಬೆಳಕು ಹಾಯುವ, ಹೊರಗೆ ಸಕ್ಕರೆಯ ಹರಳು ಮಿನುಗುವ ಆ ತುಂಡುಗಳನ್ನು ನೋಡಿ ಕೇಳಿದಾಗ ಆ ಮನೆಯ ಹಿರಿಯರು ಹೇಳಿದ ಮೊದಲ ಮಾತು, “ನಿಮಗೆ ಗಡಿಬಿಡಿ ಇದ್ದರೆ ಇದಕ್ಕೆ ಕೈ ಹಾಕಬೇಡಿ ಅಕ್ಕಾ.”

ಆ ಮಾತಿನ ಅರ್ಥ ನನಗೆ ಎರಡನೆಯ ವರ್ಷ ತಿಳಿಯಿತು. ಹಬ್ಬಕ್ಕೆ ನಾಲ್ಕೇ ದಿನ ಉಳಿದಿದ್ದಾಗ, ದಿನಕ್ಕಿಷ್ಟು ಎಂದು ಸಕ್ಕರೆ ಸೇರಿಸುವ ಬದಲು ಎಲ್ಲವನ್ನೂ ಒಮ್ಮೆಗೇ ಗಟ್ಟಿ ಪಾಕ ಮಾಡಿ ಅನಾನಸಿನ ಮೇಲೆ ಸುರಿದೆ. ಮರುದಿನ ಬೆಳಗ್ಗೆ ನೋಡಿದರೆ ತುಂಡುಗಳು ಬಾಳಕದ ಮೆಣಸಿನಂತೆ ಮುದುಡಿ, ಚರ್ಮದಂತೆ ಗಡುಸಾಗಿದ್ದವು. ಇದಕ್ಕೆ ಕಾರಣ ಸರಳ. ಹಣ್ಣಿನ ಸುತ್ತ ಸಕ್ಕರೆ ಹೆಚ್ಚಾಗಿದ್ದಾಗ ಒಳಗಿನ ನೀರು ಹೊರಗೆ ಬರುತ್ತದೆ, ಹೊರಗಿನ ಸಕ್ಕರೆ ಒಳಗೆ ಹೋಗುತ್ತದೆ. ಆದರೆ ನೀರು ಹೊರಬರುವ ವೇಗಕ್ಕೆ ಸಕ್ಕರೆ ಒಳಹೋಗುವ ವೇಗ ಎಂದೂ ಸಮನಾಗುವುದಿಲ್ಲ. ಪಾಕ ತೆಳುವಾಗಿದ್ದು ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಗಟ್ಟಿಯಾಗುತ್ತ ಹೋದರೆ ಮಾತ್ರ ನೀರು ಬಿಟ್ಟುಹೋದ ಜಾಗದಲ್ಲಿ ಸಕ್ಕರೆ ಬಂದು ಕೂರುತ್ತದೆ ಮತ್ತು ಹಣ್ಣು ತನ್ನ ಆಕಾರವನ್ನು ಉಳಿಸಿಕೊಳ್ಳುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ನಾವೆಲ್ಲ ಸಿಪಿಸಿಆರ್‌ಐ ಎಂದು ಕರೆಯುವ ಸಂಸ್ಥೆ, ರೂಪಿಸಿದ ತೆಂಗಿನ ಚಿಪ್ಸ್ ಮಾಡುವ ವಿಧಾನದಲ್ಲಿಯೂ ಕಾಯಿಯ ತೆಳು ಹೋಳುಗಳನ್ನು ಸಕ್ಕರೆ ಪಾಕದಲ್ಲಿ ನೆನೆಸಿ ನೀರಿನ ಅಂಶವನ್ನು ಹೊರತೆಗೆದು ಆಮೇಲೆ ಒಣಗಿಸುವುದು ಇದೇ ತತ್ತ್ವದ ಮೇಲೆ. ಕಾಗದದಷ್ಟು ತೆಳುವಾದ ಹೋಳಿಗೆ ಸ್ವಲ್ಪ ಹೊತ್ತು ಸಾಕು. ಬೆರಳು ದಪ್ಪದ ಅನಾನಸಿಗೆ ವಾರಕ್ಕಿಂತ ಹೆಚ್ಚು ಬೇಕು.

ಹಣ್ಣಿನ ಆಯ್ಕೆ

ಪೂರ್ತಿ ಹಣ್ಣಾದದ್ದು ಪಾಕದಲ್ಲಿ ಕರಗಿ ಜಾಮ್ ಆಗುತ್ತದೆ. ಅನಾನಸು ಬುಡದಲ್ಲಿ ಆಗತಾನೇ ಹಳದಿಗೆ ತಿರುಗಿರಬೇಕು. ಪಪ್ಪಾಯಿ ಕಾಯಿ ಹೊರಗೆ ಕಡು ಹಸಿರಾಗಿದ್ದು ಒಳಗೆ ಬಿಳಿಯಾಗಿರಬೇಕು, ಹೆಚ್ಚೆಂದರೆ ನಸುಗೆಂಪು ಇಣುಕಬಹುದು. ದಾರೆಹುಳಿಯನ್ನು ಹಸಿರು ಬಿಟ್ಟು ಹಳದಿಗೆ ಬರುವ ಹೊತ್ತಿನಲ್ಲಿ ಕೊಯ್ಯಬೇಕು. ಚಕ್ಕೋತದಲ್ಲಿ ನಮಗೆ ಬೇಕಾದದ್ದು ತೊಳೆಯಲ್ಲ, ದಪ್ಪ ಸಿಪ್ಪೆ. ಹಿತ್ತಿಲಲ್ಲಿ ಮರವಿಲ್ಲದೆ ಪೇಟೆಯಿಂದ ತರುವವರು ಕಾಸರಗೋಡಿನ ಅಂಗಡಿಯಲ್ಲಿ ಚಕ್ಕೋತವೆಂದರೆ ಅರ್ಥವಾಗದಿದ್ದಲ್ಲಿ ಮಲಯಾಳದಲ್ಲಿ ಕಂಬಿಳಿ ನಾರಂಙ ಎಂದು ಕೇಳಬೇಕು.

ದಾರೆಹುಳಿಯ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಹಣ್ಣು ಯಾವ ರೂಪದಲ್ಲಿಯೂ ಕೂಡದು. ಆರೋಗ್ಯವಂತರ ದೇಹದಿಂದ ಮೂತ್ರದ ಮೂಲಕ ಹೊರಹೋಗುವ ಅದರ ವಿಷಾಂಶ ಅವರ ದೇಹದಲ್ಲಿ ಉಳಿದು ನರಗಳ ಮೇಲೆ ಪರಿಣಾಮ ಬೀರುತ್ತದೆ, ಪ್ರಾಣಾಪಾಯವೂ ಆಗಬಹುದು. ಹಬ್ಬದ ತಟ್ಟೆ ಯಾರ್ಯಾರ ಕೈಗೆ ಹೋಗುತ್ತದೆಂದು ನಮಗೆ ತಿಳಿದಿರುವುದಿಲ್ಲವಾದ್ದರಿಂದ ಹಂಚುವ ತಟ್ಟೆಯಲ್ಲಿ ನಾನು ದಾರೆಹುಳಿಯನ್ನು ಇಡುವುದಿಲ್ಲ, ಮನೆಯವರ ಮಟ್ಟಿಗೆ ಬೇರೆಯಾಗಿಯೇ ಮಾಡುತ್ತೇನೆ.

ಮೊದಲ ಸಲ ಮಾಡುವವರು ಅನಾನಸಿನಿಂದ ಆರಂಭಿಸುವುದು ಒಳ್ಳೆಯದು. ಅದರಲ್ಲಿ ಹುಳಿಯೂ ಇದೆ, ನಾರಿನ ಬಿಗಿಯೂ ಇದೆ, ಸಣ್ಣಪುಟ್ಟ ತಪ್ಪುಗಳನ್ನು ಅದು ತಾಳಿಕೊಳ್ಳುತ್ತದೆ.

ಹಣ್ಣನ್ನು ಸಿದ್ಧಗೊಳಿಸುವುದು

ಅನಾನಸಿನ ಸಿಪ್ಪೆ ಮತ್ತು ಕಣ್ಣುಗಳನ್ನು ತೆಗೆದು, ನಡುವಿನ ದಿಂಡನ್ನು ಬಿಟ್ಟು, ಒಂದು ಸೆಂಟಿಮೀಟರ್ ದಪ್ಪದ ತುಂಡುಗಳಾಗಿ ಹೆಚ್ಚಿಕೊಳ್ಳಬೇಕು. ಹೀಗೆ ಸಿದ್ಧವಾದ ತುಂಡುಗಳು ಒಂದು ಕಿಲೋ ಇರಲಿ. ಮುಂದಿನ ಅಳತೆಗಳೆಲ್ಲ ಈ ಒಂದು ಕಿಲೋ ಲೆಕ್ಕಕ್ಕೇ ಇವೆ. ಕುದಿಯುವ ನೀರಿಗೆ ಹಾಕಿ ಚಾಕುವಿನ ತುದಿ ಸುಲಭವಾಗಿ ಇಳಿಯುವ ತನಕ, ಸುಮಾರು ಹತ್ತು ನಿಮಿಷ, ಬೇಯಿಸಬೇಕು. ಹಸಿಯಾಗಿ ಉಳಿದ ಹಣ್ಣಿನೊಳಗೆ ಸಕ್ಕರೆ ಇಳಿಯುವುದಿಲ್ಲ, ಹೆಚ್ಚು ಬೆಂದದ್ದು ಪಾಕದಲ್ಲಿ ಒಡೆಯುತ್ತದೆ. ನಾಲಗೆಯನ್ನು ಚುರುಗುಟ್ಟಿಸುವ ಅನಾನಸಿನ ಕಿಣ್ವವೂ ಈ ಕುದಿತದಲ್ಲಿಯೇ ನಾಶವಾಗುತ್ತದೆ.

ಚಕ್ಕೋತದ ಸಿಪ್ಪೆಯಲ್ಲಿ ಮೇಲಿನ ಹಸಿರು ಪದರವನ್ನು ತೆಳುವಾಗಿ ಕೆರೆದು ತೆಗೆದು, ಬಿಳಿ ಮೆತ್ತೆಯನ್ನು ಬೆರಳುದ್ದಕ್ಕೆ ಹೆಚ್ಚಿ, ಹೊಸ ನೀರಿನಲ್ಲಿ ಮೂರು ಸಲ ಕುದಿಸಿ ಮೂರು ಸಲವೂ ಆ ನೀರನ್ನು ಚೆಲ್ಲಬೇಕು. ಪ್ರತಿ ಸಲವೂ ಆರಿದ ಮೇಲೆ ಅಂಗೈಯಲ್ಲಿ ಮೆಲ್ಲನೆ ಹಿಂಡಿದರೆ ಕಹಿ ಬೇಗ ಹೋಗುತ್ತದೆ. ಒಂದಿಷ್ಟು ಕಹಿ ಉಳಿಯಲಿ. ಅದೇ ಈ ಸಿಪ್ಪೆಯ ರುಚಿ.

ಪಪ್ಪಾಯಿ ಕಾಯಿಗೆ ಮಾತ್ರ ಸುಣ್ಣದ ನೀರು ಬೇಕು. ಎಲೆ ಅಡಕೆ ಹಾಕುವವರ ಮನೆಯಲ್ಲಿ ಸುಣ್ಣದ ಅಂಡೆ ಇದ್ದೇ ಇರುತ್ತದೆ, ಅದರಲ್ಲಿನ ಶುದ್ಧ ಬಿಳಿ ಸುಣ್ಣ ಸಾಕು. ಗೋಡೆಗೆ ಬಳಿಯುವ ಸುಣ್ಣವನ್ನು ಎಂದಿಗೂ ಬಳಸಬಾರದು. ಒಂದು ಲೀಟರ್ ನೀರಿಗೆ ಎರಡು ಚಮಚ ಸುಣ್ಣವನ್ನು ಕದಡಿ, ಒಂದೆರಡು ಗಂಟೆ ಅಲುಗಿಸದೆ ಇಟ್ಟು, ಮೇಲೆ ನಿಂತ ತಿಳಿಯನ್ನು ಮಾತ್ರ ಬಗ್ಗಿಸಿಕೊಂಡು ಅದರಲ್ಲಿ ಪಪ್ಪಾಯಿಯ ಚೂರುಗಳನ್ನು ಮೂರು ಗಂಟೆ ನೆನೆಸಬೇಕು. ಸುಣ್ಣದಲ್ಲಿರುವ ಕ್ಯಾಲ್ಸಿಯಂ ಕಾಯಿಯ ಪೆಕ್ಟಿನ್ ಜೊತೆ ಸೇರಿ ಅದನ್ನು ಬಿಗಿಗೊಳಿಸುತ್ತದೆ. ಉತ್ತರದವರು ಬೂದುಗುಂಬಳದ ಪೇಠಾ ಮಾಡುವಾಗಲೂ ಹೊರಮೈ ಗರಿಯಾಗಿ ನಿಲ್ಲಲು ಇದೇ ಉಪಾಯವನ್ನು ಮಾಡುತ್ತಾರೆ. ಆಮೇಲೆ ನಾಲ್ಕೈದು ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಸುಣ್ಣ ಪೂರ್ತಿ ಹೋಯಿತೇ ಎಂದು ತಿಳಿಯಲು ನಮ್ಮ ಅತ್ತೆ ತೋರಿಸಿಕೊಟ್ಟ ಪರೀಕ್ಷೆ ಒಂದಿದೆ. ಕೊನೆಯ ಸಲ ತೊಳೆದ ನೀರನ್ನು ಒಂದು ಬಿಳಿ ಬಟ್ಟಲಿಗೆ ತೆಗೆದುಕೊಂಡು ಚಿಟಿಕೆ ಅರಸಿನ ಹಾಕಬೇಕು. ನೀರು ಹಳದಿಯಾಗಿಯೇ ಉಳಿದರೆ ಸುಣ್ಣ ಹೋಗಿದೆ; ಆರತಿಗೆ ಕಲಸುವ ಕುರುದಿ ನೀರಿನಂತೆ ಕೆಂಪಡರಿದರೆ ಇನ್ನೂ ತೊಳೆಯಬೇಕು. ತೊಳೆದಾದ ಮೇಲೆ ಅನಾನಸಿನಂತೆಯೇ ಕುದಿಸಿ ಬಸಿಯಬೇಕು.

ಪಾಕದ ಎಂಟು ದಿನಗಳು

ಪಾತ್ರೆ ಸ್ಟೀಲಿನದ್ದೇ ಆಗಲಿ. ಹುಳಿ ಹಣ್ಣು ಅಲ್ಯೂಮಿನಿಯಂ, ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರ ಇವುಗಳ ಜೊತೆ ಹೊಂದುವುದಿಲ್ಲ. ಅಜ್ಜಿಯ ಕಾಲದ ಕಂಚಿನ ಉರುಳಿಯ ಮೇಲೆ ಎಷ್ಟೇ ಪ್ರೀತಿ ಇದ್ದರೂ ಅದರಲ್ಲಿ ರಾತ್ರಿಯಿಡೀ ಪಾಕ ಬಿಡಬಾರದು. ನೆನೆಸಿಡಲು ಉಪ್ಪಿನಕಾಯಿಯ ಪಿಂಗಾಣಿ ಭರಣಿ ಉತ್ತಮ, ಆದರೆ ಉಪ್ಪು ಖಾರದ ವಾಸನೆ ಸ್ವಲ್ಪವೂ ಇರಕೂಡದು.

ಮೊದಲ ದಿನ 750 ಮಿಲಿಲೀಟರ್ ನೀರಿಗೆ 500 ಗ್ರಾಂ ಸಕ್ಕರೆ ಹಾಕಿ ಕುದಿಸಬೇಕು. ಇದು ಶೇಕಡಾ 40ರ ತೆಳು ಪಾಕ, ಬೆರಳಿಗೆ ಅಂಟೂ ಅಷ್ಟಾಗಿ ತಾಗದು. ಪಪ್ಪಾಯಿ ಅಥವಾ ಚಕ್ಕೋತವಾದರೆ ಈಗಲೇ ಎರಡು ಚಮಚ ನಿಂಬೆರಸ ಸೇರಿಸಬೇಕು. ಹುಳಿ ಮತ್ತು ಬಿಸಿ ಸೇರಿದಾಗ ಸಕ್ಕರೆಯ ಒಂದಂಶ ಗ್ಲುಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ, ಅದರಿಂದಾಗಿ ಕೊನೆಯ ದಿನಗಳಲ್ಲಿ ಪಾಕ ಹರಳುಗಟ್ಟುವುದಿಲ್ಲ. ಬೇಯಿಸಿ ಬಸಿದ ಹಣ್ಣನ್ನು ಈ ಪಾಕದಲ್ಲಿ ಐದು ನಿಮಿಷ ಮೆಲ್ಲನೆ ಕುದಿಸಿ, ತುಂಡುಗಳು ತೇಲದಂತೆ ಮೇಲೊಂದು ತಟ್ಟೆಯನ್ನಿಟ್ಟು, ಮುಚ್ಚಿ ಮರುದಿನದವರೆಗೆ ಬಿಡಬೇಕು.

ಎರಡನೆಯ ದಿನದಿಂದ ಏಳನೆಯ ದಿನದವರೆಗೆ ಕೆಲಸ ಒಂದೇ. ಹಣ್ಣನ್ನು ಜಾಲರಿಗೆ ಬಸಿದು, ಪಾಕಕ್ಕೆ 150 ಗ್ರಾಂ ಸಕ್ಕರೆ ಸೇರಿಸಿ, ಅಗಲ ಬಾಯಿಯ ಪಾತ್ರೆಯಲ್ಲಿ ಹತ್ತು ನಿಮಿಷ ಕುದಿಸಿ, ನೊರೆ ತೆಗೆದು, ಬಿಸಿಯಾಗಿರುವಾಗಲೇ ಹಣ್ಣಿನ ಮೇಲೆ ಸುರಿಯಬೇಕು. ಹಣ್ಣು ದಿನವೂ ನೀರು ಬಿಡುವುದರಿಂದ ಮರುದಿನ ಪಾಕ ಮತ್ತೆ ತೆಳುವಾದಂತೆ ಕಾಣುತ್ತದೆ, ಗಾಬರಿಯಾಗಬೇಕಿಲ್ಲ. ಆ ನೀರನ್ನು ಆರಿಸುವುದಕ್ಕಾಗಿಯೇ ದಿನವೂ ಕುದಿಸುವುದು. ನಾಲ್ಕನೆಯ ದಿನದ ಹೊತ್ತಿಗೆ ತುಂಡುಗಳ ಅಂಚು ಪಾರಕವಾಗತೊಡಗುತ್ತದೆ. ಆರನೆಯ ದಿನ ಒಂದು ತುಂಡನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರೆ ನಡುವೆ ಅಕ್ಕಿಕಾಳಿನಷ್ಟು ಮಸುಕು ಮಾತ್ರ ಉಳಿದಿರುವುದು ಕಾಣುತ್ತದೆ. ಆ ಮಸುಕು ಸಕ್ಕರೆ ಇನ್ನೂ ತಲುಪದ ಜಾಗ. ಅದು ಉಳಿದಿರುವಾಗಲೇ ಒಣಗಿಸಿದರೆ ತಿಂಗಳೊಳಗೆ ಅಲ್ಲಿಂದಲೇ ಬೂಸ್ಟು ಹಿಡಿಯುತ್ತದೆ.

ಈ ಆರು ದಿನಗಳಲ್ಲಿ ಒಂದು ದಿನವನ್ನೂ ತಪ್ಪಿಸಬಾರದು. ಪಾಕದಲ್ಲಿ ಸಕ್ಕರೆ ಶೇಕಡಾ 60 ದಾಟುವವರೆಗೂ ಅದು ಹುಳಿಯುವ ವಸ್ತುವೇ. ಒಂದು ವರ್ಷ ಬಂಧುಗಳ ಮನೆಯ ಗೃಹಪ್ರವೇಶಕ್ಕೆಂದು ಎರಡು ದಿನ ಹೋಗಿ ಬಂದಾಗ ಭರಣಿಯ ಮೇಲೆ ಬಿಳಿ ನೊರೆ ಎದ್ದು, ಮುಚ್ಚಳ ತೆಗೆಯುತ್ತಲೇ ಕಳ್ಳಿನ ವಾಸನೆ ಬಂತು. ನೊರೆ ಆಗತಾನೇ ಕಾಣಿಸಿಕೊಂಡಿದ್ದರೆ ಪಾಕವನ್ನೂ ಹಣ್ಣನ್ನೂ ಒಟ್ಟಿಗೆ ಚೆನ್ನಾಗಿ ಕುದಿಸಿ, ಸಕ್ಕರೆ ಸೇರಿಸಿ ಉಳಿಸಿಕೊಳ್ಳಬಹುದು. ವಾಸನೆ ಹಣ್ಣಿನೊಳಗೆ ಹೊಕ್ಕಿದ್ದರೆ ತೆಂಗಿನ ಬುಡಕ್ಕೆ ಹಾಕುವುದೇ ಸರಿ. ನಾನು ಹಾಗೆಯೇ ಮಾಡಿದೆ, ಎರಡು ಕಿಲೋ ಹಣ್ಣು ಹೋಯಿತೆಂಬ ಸಂಕಟ ಇಂದಿಗೂ ಇದೆ.

ಬಣ್ಣ ಬೇಕೆನ್ನುವವರು ಏಳನೆಯ ದಿನ ಒಂದು ಹಿಡಿ ಒಣ ಪುನರ್ಪುಳಿ (ಕೋಕಂ) ಸಿಪ್ಪೆಯನ್ನು ತೊಳೆದು, ಅರ್ಧ ಲೋಟ ಬಿಸಿ ನೀರಿನಲ್ಲಿ ನೆನೆಸಿ ಸೋಸಿ ಪಾಕಕ್ಕೆ ಸೇರಿಸಬಹುದು. ಬಿಳಿ ಪಪ್ಪಾಯಿ ಚೂರಿಗೆ ಅದು ಕೊಡುವ ಕೆಂಪು ಪೊಟ್ಟಣದ ಬಣ್ಣಕ್ಕಿಂತ ಎಷ್ಟೋ ಹಿತವಾದದ್ದು. ಮೊದಲ ದಿನವೇ ಹಾಕಿದರೆ ದಿನವೂ ಕುದಿದು ಕಂದಾಗುತ್ತದೆ.

ಎಂಟನೆಯ ದಿನ ಪಾಕವನ್ನು ಒಂದೆಳೆಗೆ ತರಬೇಕು. ತಟ್ಟೆಗೆ ಒಂದು ಹನಿ ಬಿಟ್ಟು ಆರಿದ ಮೇಲೆ ಹೆಬ್ಬೆರಳು ತೋರುಬೆರಳುಗಳ ನಡುವೆ ಎಳೆದರೆ ತುಂಡಾಗದ ಒಂದು ಎಳೆ ಬರಬೇಕು. ಥರ್ಮಾಮೀಟರ್ ಇದ್ದವರಿಗೆ ಇನ್ನೂ ಸುಲಭ: ಸಮುದ್ರಮಟ್ಟಕ್ಕೆ ಹತ್ತಿರದ ನಮ್ಮ ಊರುಗಳಲ್ಲಿ ಪಾಕ 106 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತಿದ್ದರೆ ಅದರಲ್ಲಿ ಸಕ್ಕರೆ ಸುಮಾರು ಶೇಕಡಾ 70 ಇದೆಯೆಂದು ತಿಳಿಯಬಹುದು. ನಮ್ಮ ದೇಶದ ಆಹಾರ ನಿಯಮಗಳೂ ಇಂತಹ ಹಣ್ಣಿನಲ್ಲಿ ಸಕ್ಕರೆ ಶೇಕಡಾ 70ಕ್ಕಿಂತ ಕಡಿಮೆ ಇರಬಾರದೆನ್ನುತ್ತವೆ. ಕೆಡದೆ ನಿಲ್ಲಲು ಅಷ್ಟು ಬೇಕು. ಹಣ್ಣನ್ನು ಈ ಪಾಕದಲ್ಲಿ ಐದು ನಿಮಿಷ ಬಿಸಿ ಮಾಡಿ ಮೂರು ದಿನ ಮುಟ್ಟದೆ ಬಿಡಬೇಕು.

ಒಣಗಿಸುವುದು ಮತ್ತು ಸಕ್ಕರೆ ಹೊದಿಸುವುದು

ಹನ್ನೊಂದನೆಯ ದಿನ ಹಣ್ಣನ್ನು ಬಸಿದು, ಕುದಿಯುವ ನೀರಿನಲ್ಲಿ ಒಂದು ಕ್ಷಣ ಅದ್ದಿ ತೆಗೆಯಬೇಕು. ಮೇಲಿನ ಪಾಕ ತೊಳೆದುಹೋಗದಿದ್ದರೆ ಹೊರಮೈ ಎಂದಿಗೂ ಒಣಗುವುದಿಲ್ಲ. ಇನ್ನು ಒಣಗಿಸುವ ಕೆಲಸ, ಇದೇ ನಮ್ಮ ಹವೆಯಲ್ಲಿ ಕಷ್ಟದ್ದು. ದೀಪಾವಳಿಯ ಹೊತ್ತಿಗೆ ಬೆಳಗ್ಗೆ ಸುಡುವ ಬಿಸಿಲಿದ್ದರೂ ಮಧ್ಯಾಹ್ನ ಮೂರರ ಮೇಲೆ ತುಲಾ ತಿಂಗಳ ಗುಡುಗು ಮಳೆ ಯಾವ ಗಳಿಗೆಯಲ್ಲಿ ಬರುವುದೋ ಹೇಳಲಾಗದು. ಅಂಗಳದ ಚಾಪೆಯಲ್ಲಿ ಹಲಸಿನ ಹಪ್ಪಳ ಒಣಗಿಸಿದಂತೆ ಇದನ್ನು ಹರಡಿ ಮರೆಯುವಂತಿಲ್ಲ. ಅಡಕೆ ಒಣಗಿಸುವ ಪ್ಲಾಸ್ಟಿಕ್ ಮಾಡಿನ ಸೋಲಾರ್ ಗೂಡು ಇರುವವರು ಅದರ ಒಂದು ಮೂಲೆಯನ್ನು ಚೊಕ್ಕಟ ಮಾಡಿಕೊಂಡು, ಎತ್ತರದ ಮೇಜಿನ ಮೇಲೆ ಸ್ಟೀಲ್ ಜಾಲರಿಯಲ್ಲಿ ತುಂಡಿಗೆ ತುಂಡು ತಾಗದಂತೆ ಹರಡಿ ಎರಡು ದಿನ ಇಡಬಹುದು. ಮೇಜಿನ ಕಾಲುಗಳನ್ನು ನೀರು ತುಂಬಿದ ಗೆರಟೆಗಳಲ್ಲಿ ಇಡದಿದ್ದರೆ ಗಂಟೆಯೊಳಗೆ ಇರುವೆಯ ಸಾಲು ಬರುತ್ತದೆ. ಹಣ್ಣಿಗೆ ತಾಗದಂತೆ ಮೇಲೆ ತೆಳು ಬಟ್ಟೆಯ ಮರೆ ಕಟ್ಟಬೇಕು, ಜೇನ್ನೊಣಗಳಿಗೂ ಈ ವಾಸನೆ ಬಹಳ ಇಷ್ಟ. ಓವನ್ ಇದ್ದವರು 60 ಡಿಗ್ರಿಯಲ್ಲಿ ಬಾಗಿಲನ್ನು ತುಸು ತೆರೆದಿಟ್ಟು ಆರೇಳು ಗಂಟೆ ಇಟ್ಟರೆ ಸಾಕು. ಅದಕ್ಕಿಂತ ಹೆಚ್ಚು ಬಿಸಿಯಾದರೆ ಸಕ್ಕರೆ ಕಂದುತ್ತದೆ.

ಎಷ್ಟು ಒಣಗಬೇಕೆಂಬುದನ್ನು ಬೆರಳು ಹೇಳುತ್ತದೆ. ತೋರುಬೆರಳ ತುದಿಯನ್ನು ತುಂಡಿನ ಮೇಲೆ ಒತ್ತಿ ಎತ್ತಿದಾಗ ಸಣ್ಣ ಎಳೆತ ತಿಳಿಯಬೇಕು, ಆದರೆ ಬೆರಳಿಗೆ ಏನೂ ಅಂಟಿ ಬರಬಾರದು. ಒದ್ದೆ ಉಳಿದಿದ್ದರೆ ಹೊದಿಸಿದ ಸಕ್ಕರೆ ರಾತ್ರಿಯೊಳಗೆ ನೀರಾಗುತ್ತದೆ. ಪೂರ್ತಿ ಒಣಗಿಬಿಟ್ಟಿದ್ದರೆ ಸಕ್ಕರೆ ಹಿಡಿಯುವುದಿಲ್ಲ, ಆಗ ಇಡ್ಲಿ ಪಾತ್ರೆಯ ಹಬೆಗೆ ಒಂದು ಕ್ಷಣ ಹಿಡಿದು ತೆಗೆಯಬೇಕು. ಹೊದಿಸಲು ಒಂದು ಕಿಲೋ ಹಣ್ಣಿಗೆ 200 ಗ್ರಾಂ ಸಕ್ಕರೆ ಬೇಕು. ಮಿಕ್ಸಿಯಲ್ಲಿ ಎರಡು ಮೂರು ಸಲ ತಿರುಗಿಸಿ ಸಣ್ಣ ರವೆಯಷ್ಟು ಮಾಡಿಕೊಳ್ಳಬೇಕು. ನುಣ್ಣಗಿನ ಪುಡಿ ಬೇಡ, ಅದು ಹಣ್ಣಿನ ತೇವವನ್ನು ಹೀರಿ ಪೇಸ್ಟಿನಂತಾಗುತ್ತದೆ, ಮಿನುಗೂ ಇರುವುದಿಲ್ಲ. ಅಗಲ ತಟ್ಟೆಯಲ್ಲಿ ಸಕ್ಕರೆ ಹರಡಿ ನಾಲ್ಕೈದು ತುಂಡುಗಳನ್ನು ಮಾತ್ರ ಒಮ್ಮೆಗೆ ಹೊರಳಿಸಿ, ಹೆಚ್ಚಾದದ್ದನ್ನು ಕೊಡವಿ, ಮತ್ತೆ ಜಾಲರಿಯಲ್ಲಿ ಒಂದು ದಿನ ಆರಲು ಬಿಡಬೇಕು.

ಈ ಕೆಲಸವನ್ನು ಮಳೆ ಸುರಿಯುವಾಗ ಮಾಡಲೇಬಾರದು. ಗಾಳಿಯ ತೇವಾಂಶ ಸುಮಾರು ಶೇಕಡಾ 85 ದಾಟಿದರೆ ಸಕ್ಕರೆಯ ಹರಳು ಗಾಳಿಯಿಂದಲೇ ನೀರು ಹೀರಿ ಕರಗತೊಡಗುತ್ತದೆ, ನಮ್ಮಲ್ಲಿ ಮಳೆಯ ದಿನ ಇಷ್ಟು ತೇವ ಸಾಮಾನ್ಯ. ಬಿಸಿಲು ಏರಿದ ಹೊತ್ತು, ಬೆಳಗ್ಗೆ ಹತ್ತರಿಂದ ಒಂದರ ನಡುವೆ, ಇದಕ್ಕೆ ಸೂಕ್ತ. ಬಿಸಿಲಿಲ್ಲದಿದ್ದರೆ ಹಣ್ಣನ್ನು ಪಾಕದಲ್ಲಿಯೇ ಇನ್ನೊಂದು ವಾರ ಬಿಡುವುದು ಲೇಸು. ಗಟ್ಟಿ ಪಾಕದಲ್ಲಿ ಅದು ಕೆಡುವುದಿಲ್ಲ, ರುಚಿಯೂ ಹೆಚ್ಚುತ್ತದೆ.

ಹರಳಿನ ಬದಲು ತೆಳ್ಳಗಿನ ಹೊಳಪಿನ ಹೊದಿಕೆ ಬೇಕೆನ್ನುವವರು ಒಂದು ಕಿಲೋ ಸಕ್ಕರೆಗೆ ಅರ್ಧ ಲೀಟರ್ ನೀರು ಹಾಕಿ 113 ಡಿಗ್ರಿಯವರೆಗೆ ಕುದಿಸಿ, 93ಕ್ಕೆ ಇಳಿದ ಮೇಲೆ ಮರದ ಸೌಟಿನಿಂದ ಪಾತ್ರೆಯ ಬದಿಗೆ ಪಾಕವನ್ನು ಉಜ್ಜಬೇಕು. ಉಜ್ಜಿದ ಜಾಗ ಹಾಲಿನಂತೆ ಬೆಳ್ಳಗಾಗುತ್ತಿದ್ದಂತೆಯೇ, ಒಣಗಿದ ಹಣ್ಣನ್ನು ಫೋರ್ಕಿಗೆ ಚುಚ್ಚಿ ಆ ಭಾಗದಲ್ಲಿ ಅದ್ದಿ ತೆಗೆಯಬೇಕು. ಇದಕ್ಕೆ ಕೈ ಪಳಗಬೇಕು, ಮೊದಲ ವರ್ಷಕ್ಕೆ ಹರಳಿನ ಹೊದಿಕೆಯೇ ಸಾಕು.

ಒಣಗಿದ ಗಾಜಿನ ಭರಣಿಯಲ್ಲಿ, ಪದರದ ನಡುವೆ ಬೆಣ್ಣೆ ಕಾಗದ ಇಟ್ಟು ತುಂಬಿದರೆ ಎರಡು ಮೂರು ತಿಂಗಳು ಚೆನ್ನಾಗಿರುತ್ತದೆ. ಬಲೀಂದ್ರನಿಗೆ ದೀಪ ಇಟ್ಟು ಬಂದವರ ಕೈಗೆ ಅವಲಕ್ಕಿಯ ಜೊತೆ ಎರಡು ತುಂಡು ಕೊಟ್ಟು, ಉಳಿದದ್ದನ್ನು ಡಿಸೆಂಬರಿನ ಕೇಕಿಗೆ ಎತ್ತಿಡಬಹುದು. ಸಕ್ಕರೆ ಕಾಯಿಲೆ ಇರುವವರಿಗೆ ಒತ್ತಾಯ ಮಾಡಬಾರದು. ತುಂಬಿಟ್ಟ ಒಂದು ವಾರದ ಬಳಿಕ ಭರಣಿಯನ್ನು ತೆರೆದು ನೋಡಬೇಕು. ತಳದ ತುಂಡುಗಳು ಬೆವತಿದ್ದರೆ ಎಲ್ಲವನ್ನೂ ಹೊರತೆಗೆದು ಮತ್ತೆ ಒಂದು ದಿನ ಒಣಗಿಸಿ ಹೊಸದಾಗಿ ಸಕ್ಕರೆ ಹೊದಿಸಬೇಕು.

ಉಳಿದ ಪಾಕವನ್ನು ಸೋಸಿ ಒಮ್ಮೆ ಕುದಿಸಿ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಿ. ನಿಂಬೆ ಶರಬತ್ತಿಗೆ ಅದು ಒದಗುತ್ತದೆ. ಅನಾನಸಿನ ಪಾಕವಾದರೆ ಮೆಣಸ್ಕಾಯಿ ಎಂಬ ಮೇಲೋಗರಕ್ಕೆ ಬೆಲ್ಲದ ಬದಲು ಎರಡು ಸೌಟು ಹಾಕಿ ನೋಡಿ. ಹುರಿದ ಎಳ್ಳಿನ ಪರಿಮಳದ ಜೊತೆ ಅದು ಬಹಳ ಚೆನ್ನಾಗಿ ಕೂಡುತ್ತದೆ.